ನೋಡುವುದಾದರೆ ಪೂರ್ತಿ ನೋಡು

ಎದುರು ಮನೆಯವರನ್ನು ನೋಡಬೇಡ, ನಿನ್ನ ಪಾಡಿಗೆ ನೀನಿರು ಎಂದು ಬುದ್ಧಿ ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ ಮಗಳೇ. ನಿನ್ನ ಅಮ್ಮ ಈಗಾಗಲೇ ಹೇಳಿರುತ್ತಾಳೆ. ಅವಳಿಗೂ ನನಗೂ ನಮ್ಮಮ್ಮ ಹೇಳಿದ್ದು ಅದನ್ನೇ. ಹೇಳುವಾಗ ನಮ್ಮಮ್ಮನ ಕಣ್ಣು ಅಡುಗೆಮನೆ ಕಿಟಕಿಯಾಚೆ ಪಕ್ಕದವರ ಹಿತ್ತಿಲಿನ ಮೇಲೇ ಇರುತ್ತಿತ್ತು. ಆಗದ ಹೋಗದ ಮಾತು ಅದು. ಕಣ್ಣಿರುವ ತನಕ ನೆರೆಮನೆ ಕಾಣುತ್ತದೆ, ಕಂಡ ಮೇಲೆ ಮನಸ್ಸು ಅಳೆಯುತ್ತದೆ. ಹಾಗಾಗಿ ನಾನು ನೋಡಬೇಡ ಅನ್ನುವುದಿಲ್ಲ. ನೋಡು, ಅರ್ಧ ನೋಡಿ ಎದ್ದು ಬರಬೇಡ ಅನ್ನುತ್ತೇನೆ.

ಇದನ್ನು ಹೇಳುವ ಯೋಗ್ಯತೆ ನನಗೆ ವಯಸ್ಸಿನಿಂದ ಬಂದದ್ದಲ್ಲ, ಬ್ಯಾಂಕಿನ ಕೆಲಸದಿಂದ ಬಂದದ್ದು. ಮೈಸೂರಿನ ಒಂದು ಶಾಖೆಯಲ್ಲಿ ಸಾಲದ ಮೇಜಿನ ಹಿಂದೆ ಕೂತು ನಮ್ಮ ಬಡಾವಣೆಯ ಸಂಸಾರಗಳನ್ನು ಎರಡು ಕಡೆಯಿಂದ ಕಂಡವಳು ನಾನು. ಸಂಜೆ ಬೀದಿಯಲ್ಲಿ ನಡೆದು ಬರುವಾಗ ಒಂದು ಮುಖ, ಬೆಳಗ್ಗೆ ಲೆಡ್ಜರ್ ತೆರೆದಾಗ ಇನ್ನೊಂದು ಮುಖ. ಯಾರ ಹೆಸರನ್ನೂ ಹೇಳುವುದಿಲ್ಲ. ನಿನ್ನ ದೊಡ್ಡಪ್ಪನಿಗೇ ಹೇಳಿದವಳಲ್ಲ. ಅವರು ಪಕ್ಕದ ರಸ್ತೆಯ ಯಾರದೋ ಮೂರನೇ ಮಹಡಿ ನೋಡಿ ನಿಟ್ಟುಸಿರು ಬಿಡುವಾಗ ನಾನು ಬಾಯಿ ಬಿಗಿಹಿಡಿದು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಆ ಮಹಡಿಯ ಕಂತು ಎಷ್ಟು ತಿಂಗಳಿಂದ ಬಾಕಿ ಬಿದ್ದಿದೆ ಎಂದು ನನಗೆ ಗೊತ್ತಿರುತ್ತಿತ್ತು.

ಮದುವೆಯ ಕಾಲ ಬಂತೆಂದರೆ ಚಿನ್ನದ ಸಾಲದ ಕೌಂಟರಿನ ಮುಂದೆ ನೂಕುನುಗ್ಗಲು. ಹಿಂದಿನ ವಾರ ಬಂದು, ಎಲ್ಲಿಂದಲೋ ಕೈಗಡ ತಂದು, ಅಡವಿಟ್ಟ ಒಡವೆ ಬಿಡಿಸಿಕೊಂಡು ಹೋಗುತ್ತಿದ್ದರು. ಮದುವೆ ಮುಗಿದ ಸೋಮವಾರ ಅದೇ ಸರ, ಅದೇ ಬಳೆ, ಸಂದಿಗಳಲ್ಲಿ ಇನ್ನೂ ಅರಿಶಿನ ಕುಂಕುಮ ಇರುವ ಹಾಗೇ ವಾಪಸ್ಸು. ನಮ್ಮ ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜುವ ಮೊದಲೇ ಗುರುತು ಹಿಡಿದು, 'ಮೇಡಂ, ಇದು ನಮ್ಮ ಹಳೇ ಗಿರಾಕಿ' ಅನ್ನುತ್ತಿದ್ದರು. ಒಡವೆಯ ಬೆಲೆಯ ಮುಕ್ಕಾಲು ಪಾಲಿನವರೆಗೆ ಸಾಲ ಕೊಡುತ್ತಿದ್ದೆವು. ಅಂದರೆ ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತಿಯ ಹೆಂಗಸರೆಲ್ಲ ತಿರುತಿರುಗಿ ನೋಡಿದ ಆ ಸರದಲ್ಲಿ ಮುಕ್ಕಾಲು ಸಾಲದ್ದು, ಕಾಲು ಮಾತ್ರ ತೊಟ್ಟವಳದು. ತಪ್ಪೆಂದು ಹೇಳುತ್ತಿಲ್ಲ ನಾನು. ಮಗಳ ಮದುವೆಯ ದಿನ ತಾಯಿ ಬರಿಗತ್ತಿನಲ್ಲಿ ನಿಲ್ಲಲಾರಳು. ಆದರೆ ಅವಳ ಸರ ನೋಡಿ, ಮನೆಗೆ ಹೋಗಿ ಗಂಡನ ಜೊತೆ ಮಾತು ಬಿಟ್ಟವಳೊಬ್ಬಳು ಇರುತ್ತಾಳಲ್ಲ, ಅವಳ ಬಗ್ಗೆ ನನಗೆ ಅಯ್ಯೋ ಅನಿಸುತ್ತಿತ್ತು. ಅವಳೂ ಎಷ್ಟೋ ಸಲ ಮುಂದಿನ ವಾರ ನನ್ನ ಮೇಜಿನ ಮುಂದೆಯೇ ಬಂದು ಕೂರುತ್ತಿದ್ದಳು.

ಇನ್ನು ದೊಡ್ಡ ಠೇವಣಿ ಇಟ್ಟವರು. ಅವರನ್ನು ನೀನು ಬೀದಿಯಲ್ಲಿ ಗುರುತಿಸಲಾರೆ. ಹವಾಯಿ ಚಪ್ಪಲಿ, ಮಾಸಿದ ಕೈಚೀಲ, ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಠೇವಣಿ ರಸೀದಿಗಳು. ಬಡ್ಡಿ ಎಷ್ಟು ಪೈಸೆ ಕಡಿಮೆ ಬಂತೆಂದು ಕೇಳಲು ಕೌಂಟರಿನ ಮುಂದೆ ಅರ್ಧ ಗಂಟೆ ನಿಲ್ಲುವ ಜನ. ಅವರ ಮನೆ ಸುಣ್ಣ ಬಣ್ಣ ಕಂಡು ವರ್ಷಗಳಾಗಿರುತ್ತಿದ್ದವು. ಅವರನ್ನು ನೋಡಿ ಹೊಟ್ಟೆ ಉರಿಸಿಕೊಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಕನಿಕರಪಟ್ಟವರೇ ಹೆಚ್ಚು. ಉಳಿಸಿದ ಹಣಕ್ಕೆ ಬಾಲ್ಕನಿ ಇಲ್ಲ ನೋಡು. ಖರ್ಚು ಮಾಡಿದ್ದು ಬೀದಿಗೆ ಕಾಣುತ್ತದೆ, ಖರ್ಚು ಮಾಡದ್ದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ನೆರೆಹೊರೆಯನ್ನು ಕಣ್ಣಳತೆಯಲ್ಲಿ ಅಳೆಯಹೊರಟವರಿಗೆ ಯಾವಾಗಲೂ ಲೋಕವೆಲ್ಲ ತಮಗಿಂತ ಸುಖವಾಗಿದೆ ಎಂದೇ ಲೆಕ್ಕ ಬರುತ್ತದೆ.

ನಿಮ್ಮ ಎದುರಿನ ಫ್ಲಾಟಿನವರು ಕೊಂಡ ದೊಡ್ಡ ಕಾರಿನ ವಿಷಯ ಫೋನಿನಲ್ಲಿ ಹೇಳಿದೆ. ಬೆಲೆಯನ್ನೂ ಹೇಳಿದೆ. ಬೆಲೆ ಗೊತ್ತಾಗುವುದು ಸುಲಭ, ಗೂಗಲ್ ಹೇಳುತ್ತದೆ. ಕಂತು ಎಷ್ಟೆಂದು ಯೋಚಿಸಿದೆಯಾ? 12 ಲಕ್ಷ ಸಾಲ, ಶೇಕಡಾ 9.5 ಬಡ್ಡಿ, 7 ವರ್ಷ ಎಂದಿಟ್ಟುಕೋ. ತಿಂಗಳಿಗೆ ₹19,600ರ ಮೇಲಾಗುತ್ತದೆ. ಕೊನೆಯ ಕಂತಿನ ಹೊತ್ತಿಗೆ ಕಟ್ಟಿದ್ದು ಸುಮಾರು 16.5 ಲಕ್ಷ, ಆ ಹೊತ್ತಿಗೆ ಕಾರಿನ ಬೆಲೆ ಕೊಂಡ ದಿನದ ಅರ್ಧವೂ ಇರುವುದು ಕಷ್ಟ. ಇದರ ಕೆಳಗೆ ಫ್ಲಾಟಿನ ಸಾಲ ಬೇರೆ. 60 ಲಕ್ಷಕ್ಕೆ ಶೇಕಡಾ 8.5ರಂತೆ 20 ವರ್ಷಕ್ಕೆ ತೆಗೆದಿದ್ದರೆ ಕಂತು ₹52,000 ದಾಟುತ್ತದೆ. ಮೊದಲ ತಿಂಗಳು ಕಟ್ಟಿದ್ದರಲ್ಲಿ ₹42,500 ಬಡ್ಡಿಗೇ ಹೋಯಿತು. ಅಸಲಿಗೆ ಜಮೆಯಾದದ್ದು ಹತ್ತು ಸಾವಿರವೂ ಇಲ್ಲ. 20 ವರ್ಷ ಮುಗಿದಾಗ 60 ಲಕ್ಷದ ಸಾಲಕ್ಕೆ ಸುಮಾರು 1.25 ಕೋಟಿ ತೆತ್ತಿರುತ್ತಾರೆ. ಅವರು ಸಾಲ ಮಾಡಿಯೇ ಕೊಂಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅಪ್ಪನ ಜಮೀನು ಮಾರಿದ ಹಣವಿರಬಹುದು, ಕಂಪನಿಯೇ ಕೊಟ್ಟ ಕಾರಿರಬಹುದು, ಇಬ್ಬರಿಗೂ ನಮ್ಮ ಊಹೆ ಮೀರಿದ ಸಂಬಳವಿರಬಹುದು. ನಿನಗೆ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲದ ಲೆಕ್ಕದ ಎದುರು ನಿನ್ನ ಗೊತ್ತಿರುವ ಲೆಕ್ಕವನ್ನಿಟ್ಟು ಯಾಕೆ ಸೋಲುತ್ತೀಯ?

ನಿವೃತ್ತಿಯಾದ ಮೇಲೆ ಓದಲು ಪುರುಸೊತ್ತು ಸಿಕ್ಕಿತು. ಓದಿದ್ದರಲ್ಲಿ ಒಂದು ಸಂಗತಿ ನಿನಗೆ ಹೇಳಲೇಬೇಕು. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಪಿನ್‌ಕೋಡ್ ಲಾಟರಿ ಎಂಬುದಿದೆ. ಅಲ್ಲಿಯ ಪಿನ್‌ಕೋಡ್ ನಮ್ಮ ಹಾಗೆ ಇಡೀ ಬಡಾವಣೆಗೆ ಒಂದಲ್ಲ, ಸುಮಾರು 20 ಮನೆಗೆ ಒಂದು. ಈ ಸಂಗತಿ ನಡೆದ ಕಾಲದಲ್ಲಿ ವಾರಕ್ಕೊಮ್ಮೆ ಒಂದು ಕೋಡ್ ಎತ್ತುತ್ತಿದ್ದರು. ಆ ಮನೆಗಳಲ್ಲಿ ಟಿಕೆಟ್ ಕೊಂಡವರಿಗೆಲ್ಲ ಹಣ, ಅವರಲ್ಲಿ ಒಬ್ಬರಿಗೆ ಹೊಸ ಬಿಎಂಡಬ್ಲ್ಯು ಕಾರು. ಟಿಕೆಟ್ ಕೊಳ್ಳದವರು ಅದೇ ಸಾಲಿನಲ್ಲಿ ಕೂತು ನೋಡಬೇಕಿತ್ತು. ಪೀಟರ್ ಕೂನ್ ಮತ್ತು ಜೊತೆಗಾರರು ಇಂಥ ಬೀದಿಗಳನ್ನು ಹುಡುಕಿ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಗೆದ್ದವರ ಪಕ್ಕದ ಮನೆಯವರು, ಟಿಕೆಟನ್ನೇ ಕೊಳ್ಳದವರು, ಒಂದು ಪೈಸೆಯೂ ಬರದವರು, ಬೇರೆ ಬೀದಿಗಳ ತಮ್ಮಂಥವರಿಗಿಂತ ಕಾರಿಗೆ ಹೆಚ್ಚು ಖರ್ಚು ಮಾಡಿದ್ದರು. ತಮಾಷೆ ಇರುವುದು ಇದರಲ್ಲಿ: ಬಿಎಂಡಬ್ಲ್ಯು ಗೆದ್ದವರಲ್ಲಿ ಬಹುಪಾಲು ಜನ ಅದನ್ನು ಮಾರಿ ದುಡ್ಡು ಮಾಡಿಕೊಂಡಿದ್ದರು! ಗೆದ್ದವರಿಗೆ ಬೇಡವಾದ ಕಾರಿನ ಆಸೆ ಪಕ್ಕದ ಮನೆಯವರ ಪರ್ಸನ್ನು ಖಾಲಿ ಮಾಡಿತು.

ಕೆನಡಾದಲ್ಲಿ ಸುಮಿತ್ ಅಗರ್ವಾಲ್ ಮತ್ತು ಇಬ್ಬರು ಸಂಗಡಿಗರು ಮಾಡಿದ ಅಧ್ಯಯನ ನಗು ಬರಿಸುವಂಥದ್ದಲ್ಲ. ಲಾಟರಿ ಹೊಡೆದವರ ಬಹುಮಾನ ದೊಡ್ಡದಾದಷ್ಟೂ ಅವರ ನೆರೆಯಲ್ಲಿ ದಿವಾಳಿಯಾಗುವವರು ಹೆಚ್ಚುತ್ತಾರೆ ಎಂದು ಅವರು ಕಂಡುಕೊಂಡರು. ದಿವಾಳಿಯಾದವರ ಆಸ್ತಿಪಟ್ಟಿ ತೆರೆದು ನೋಡಿದರೆ ಹೆಚ್ಚಿದ್ದದ್ದು ಮನೆ, ಕಾರು, ಬೈಕು. ನಗದು, ಹೂಡಿಕೆ ಮುಂತಾದ ಕಾಣದ ಆಸ್ತಿ ಹಾಗೆ ಹೆಚ್ಚಿರಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಶಾಖೆಯ ಫೈಲುಗಳು ಕಣ್ಣ ಮುಂದೆ ಬಂದವು. ಕೆನಡಾ ಎಲ್ಲಿ, ಮೈಸೂರಿನ ನಮ್ಮ ಕುವೆಂಪುನಗರ ಎಲ್ಲಿ! ಬೀದಿಗೆ ಕಾಣುವುದನ್ನು ಕೊಳ್ಳಲು ಹೋಗಿ ಬೀದಿಗೆ ಬಂದವರು ಎರಡೂ ಕಡೆ ಇದ್ದಾರೆ.

ಹಾಗಾದರೆ ಹಿಂದೆ ಈ ಕಾಯಿಲೆ ಇರಲಿಲ್ಲವೇ ಅನ್ನಬಹುದು ನೀನು. ಇತ್ತು, ಚೆನ್ನಾಗಿಯೇ ಇತ್ತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತಲ್ಲ, ಅದಾದ ಕೆಲವೇ ವರ್ಷಕ್ಕೆ ಒನಿಡಾ ಕಂಪನಿಯವರು ಕೊಂಬು ಬಾಲದ ಸೈತಾನನನ್ನು ಜಾಹೀರಾತಿಗೆ ತಂದರು. ನೆರೆಯವರಿಗೆ ಹೊಟ್ಟೆಕಿಚ್ಚು, ಕೊಂಡವರಿಗೆ ಹೆಮ್ಮೆ ಎಂಬರ್ಥದ ಮಾತು ಅದರ ಜೊತೆಗೆ. ಟಿವಿಯ ಗುಣ ಹೇಳುವ ಬದಲು ಪಕ್ಕದ ಮನೆಯವರ ಮುಖ ಕಪ್ಪಾಗುತ್ತದೆ ಎಂದು ಹೇಳಿಯೇ ಟಿವಿ ಮಾರಿದರು, ಜನ ಕೊಂಡರು. ನಮ್ಮ ದೇಶದ ಜನರ ಮನಸ್ಸನ್ನು ಅಷ್ಟು ಸರಿಯಾಗಿ ಓದಿದ ಇನ್ನೊಂದು ಜಾಹೀರಾತು ನನಗೆ ನೆನಪಿಲ್ಲ.

ಆದರೆ ಆಗ ನಾವಿದ್ದದ್ದು ವಠಾರದಲ್ಲಿ. ಏಳು ಸಂಸಾರಕ್ಕೆ ಒಂದು ನಲ್ಲಿ, ಎರಡು ಪಾಯಿಖಾನೆ. ಯಾರ ಮನೆಯಲ್ಲಿ ತಿಂಗಳ ಕೊನೆಗೆ ತಿಳಿಸಾರು ಇನ್ನಷ್ಟು ತಿಳಿಯಾಗುತ್ತದೆ, ಯಾರ ಮಗ ಗಣಿತದಲ್ಲಿ ಡುಮ್ಕಿ ಹೊಡೆದ, ಯಾರ ಯಜಮಾನರು ರಾತ್ರಿ ಎಷ್ಟು ಹೊತ್ತಿಗೆ ಹೇಗೆ ಮನೆಗೆ ಬಂದರು, ಎಲ್ಲ ಎಲ್ಲರಿಗೂ ಗೊತ್ತು. ಮೂಲೆಮನೆಯವರು ಬಣ್ಣದ ಟಿವಿ ತಂದ ದಿನ ಎಲ್ಲರ ಹೊಟ್ಟೆಯೂ ಉರಿಯಿತು, ನಿಜ. ಸಂಜೆಯೊಳಗೆ ಅದರ ಹಿಂದಿನ ಕಥೆಯೂ ಬಂತು. ಅವರು ಅದಕ್ಕಾಗಿ ಚೀಟಿ ಎತ್ತಿದ್ದರು. 20 ಜನರ, ತಿಂಗಳಿಗೆ 500ರ, 10,000ದ ಚೀಟಿ. ಮೂರನೇ ತಿಂಗಳಿಗೇ ಕೂಗಿ, 2,500 ಬಿಟ್ಟು, 7,500 ಕೈಗೆ ತಂದಿದ್ದರು. ಉಳಿದ 17 ತಿಂಗಳು ಆ ಮನೆಯಾಕೆ ಕಂತಿನ ದಿನ ಬಂತೆಂದರೆ ಕಾಫಿಪುಡಿಗೆ ಚಿಕೋರಿ ಹೆಚ್ಚು ಹಾಕುತ್ತಿದ್ದಳು. ಆ ಕಾಫಿ ಕುಡಿದ ಮೇಲೆ ಯಾರಿಗೆ ತಾನೇ ಹೊಟ್ಟೆಕಿಚ್ಚು ಉಳಿಯುತ್ತದೆ? 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಶುರುವಾದಾಗ ಇಡೀ ವಠಾರ ಅವರ ಪಡಸಾಲೆಯಲ್ಲಿ, ಅವರದೇ ಚಾಪೆಯ ಮೇಲೆ. ಮಕ್ಕಳಿಗೆ ನೀರು ಕೊಟ್ಟು ಕೊಟ್ಟು ಅವರಿಗೇ ಟಿವಿ ನೋಡಲು ಆಗುತ್ತಿರಲಿಲ್ಲ. ಒನಿಡಾದವರು ಹೇಳಿದ ಹೆಮ್ಮೆ ಅವರಿಗೆ ಎಷ್ಟು ಸಿಕ್ಕಿತೋ ಕಾಣೆ.

ವಠಾರ ಸ್ವರ್ಗವಾಗಿತ್ತು ಎಂದು ತಿಳಿಯಬೇಡ. ಹಾಗೆ ಬರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮಕ್ಕಳಾಗದ ಹೆಂಗಸನ್ನು ನಲ್ಲಿಯ ಹತ್ತಿರ ಹೇಗೆ ನೋಡುತ್ತಿದ್ದರು, ತವರಿಗೆ ವಾಪಸ್ಸು ಬಂದ ಮಗಳ ಬಗ್ಗೆ ಏನೆಲ್ಲ ಪಿಸುಗುಡುತ್ತಿದ್ದರು ಎಂದು ಕಂಡಿದ್ದೇನೆ. ಅಲ್ಲಿಂದ ಸ್ವಂತ ಮನೆಗೆ ಬಂದ ದಿನ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಿದ್ದೆ, ಅಷ್ಟು ಹಾಯೆನಿಸಿತ್ತು. ಒಂದು ಮಾತು ಮಾತ್ರ ಒಪ್ಪಬೇಕು. ಅಲ್ಲಿ ನೆರೆಯವರ ಸೀರೆ ಕಂಡ ಕಣ್ಣಿಗೇ ಅವರ ಹರಕು ದುಪ್ಪಟಿಯೂ ಕಾಣುತ್ತಿತ್ತು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಗೋಡೆ ದಪ್ಪ, ಬಾಗಿಲು ಸದಾ ಮುಚ್ಚಿರುತ್ತದೆ. ಹೊರಗೆ ಬರುವುದು ಕಾರು, ಬಾಗಿಲ ಮುಂದಿನ ಆನ್‌ಲೈನ್ ಡಬ್ಬಗಳು, ಗೃಹಪ್ರವೇಶದ ದಿನ ತೋರಿಸಿದ ಮಾಡ್ಯುಲರ್ ಕಿಚನ್, ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಬಾಲಿಯ ಫೋಟೊ. ರಾತ್ರಿಯ ಜಗಳ, ಆಸ್ಪತ್ರೆಯ ಬಿಲ್ಲು, ಕೆಲಸ ಹೋಗಿ ಮೂರು ತಿಂಗಳಾದರೂ ಬೆಳಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೊರಡುವ ಗಂಡಸು, ಇದ್ಯಾವುದೂ ಲಿಫ್ಟಿನಲ್ಲಿ ಕಾಣುವುದಿಲ್ಲ. ಎರಡೂ ಮನೆಯ ಪೂರ್ತಿ ಲೆಕ್ಕ ಗೊತ್ತಿರುವುದು ಮನೆಗೆಲಸಕ್ಕೆ ಬರುವಾಕೆಗೆ ಒಬ್ಬಳಿಗೇ. ಅವಳನ್ನು ಕೇಳಲು ಹೋಗಬೇಡ. ಇಂದು ಅವರದು ನಿನಗೆ ಹೇಳಿದವಳು ನಾಳೆ ನಿನ್ನದು ಅವರಿಗೆ ಹೇಳುತ್ತಾಳೆ.

ಫೋನಿನೊಳಗಿನ ನೆರೆಹೊರೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನನಗಿಂತ ನಿನಗೇ ಗೊತ್ತು. ಅಲ್ಲಿ ಚಿಕೋರಿ ಕಾಫಿ ಕುಡಿಸುವವರು ಯಾರೂ ಇಲ್ಲ.

ಮನೆ ಕಟ್ಟುವಾಗ ದೃಷ್ಟಿಬೊಂಬೆ ತೂಗುಹಾಕುತ್ತೇವಲ್ಲ, ಅದನ್ನು ನೋಡಿದಾಗೆಲ್ಲ ನನಗೊಂದು ಯೋಚನೆ. ನಮ್ಮ ಮನೆಯ ಮೇಲೆ ಬೇರೆಯವರ ಕಣ್ಣು ಬಿದ್ದೀತೆಂದು ಅಷ್ಟೊಂದು ಹೆದರುತ್ತೇವೆ. ಬೂದುಗುಂಬಳ ಒಡೆಯುತ್ತೇವೆ, ಮೆಣಸಿನಕಾಯಿ ನಿವಾಳಿಸುತ್ತೇವೆ. ಬೇರೆಯವರ ಮನೆಯ ಮೇಲೆ ಬಿದ್ದ ನಮ್ಮ ಕಣ್ಣು ನಮ್ಮ ಮನೆಯನ್ನೇ ಸುಟ್ಟೀತೆಂದು ಹೆದರಿದವರನ್ನು ನಾನು ಕಂಡಿಲ್ಲ. ಹಾಗೆ ಸುಟ್ಟುಕೊಂಡ ಮನೆಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಹರಾಜಿನ ನೋಟಿಸಿಗೆ ಸಹಿ ಹಾಕುವ ಕೆಲಸ ಒಬ್ಬ ಬ್ಯಾಂಕಿನವಳಿಗೆ ಎಷ್ಟು ಹಿಂಸೆ ಎಂದು ನಿನಗೆ ಇನ್ನೊಮ್ಮೆ ಹೇಳುತ್ತೇನೆ.

ಮಗುವಿನ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುವವಳು. ಪಕ್ಕದ ಮನೆಯ ಹುಡುಗನ ಅಂಕ ನಿನ್ನ ಮಗಳ ಕಿವಿಗೆ ನಿನ್ನ ಬಾಯಿಂದ ಬೀಳಬಾರದು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಪತ್ರಿಕೆಯಲ್ಲಿ ಬರೀ ನೋಂದಣಿ ಸಂಖ್ಯೆಯಾಗಿ ಬರುತ್ತಿದ್ದ ಕಾಲದಲ್ಲೂ ಆಚೆ ಮನೆಯವರ ಮಗನ ಸಂಖ್ಯೆ ಗುರುತು ಹಾಕಿಟ್ಟುಕೊಂಡು ಹುಡುಕುತ್ತಿದ್ದ ತಂದೆ ತಾಯಂದಿರಿದ್ದರು. ಆ ಮಕ್ಕಳಿಗೆ ಈಗ ಐವತ್ತು ದಾಟಿದೆ. ಅವರಲ್ಲಿ ಕೆಲವರು ಇವತ್ತಿಗೂ ಆ ಪಕ್ಕದ ಮನೆಯವನ ಹೆಸರು ಕೇಳಿದರೆ ಮುಖ ತಿರುಗಿಸುತ್ತಾರೆ. ಪಾಪ, ಅವನಿಗೆ ಯಾಕೆಂದು ಗೊತ್ತೇ ಇಲ್ಲ. ಹಾಗೆಯೇ ಅಳಿಯಂದಿರ ಹತ್ತಿರ ಜಗಳವಾಡುವುದಿದ್ದರೆ ಧಾರಾಳವಾಗಿ ಆಡು, ವಿಷಯಗಳಿಗೇನೂ ಬರವಿಲ್ಲ. ಎದುರು ಮನೆಯ ಗಂಡಸನ್ನು ಆ ಜಗಳಕ್ಕೆ ಕರೆತರಬೇಡ. ಅವರನ್ನು ನೋಡಿ ಕಲೀರಿ ಎಂಬ ಮಾತು ಒಂದು ಸಲ ಬಾಯಿಂದ ಬಿತ್ತೆಂದರೆ ಆಮೇಲೆ ಇವರು ಅವರನ್ನು ಕಂಡರೆ ಮೆಟ್ಟಿಲು ಹತ್ತಿ ಹೋಗುತ್ತಾರೆ, ಲಿಫ್ಟಿಗೆ ಬರುವುದಿಲ್ಲ.

ಒಳ್ಳೆಯದನ್ನು ನೋಡಿ ಆಸೆಪಡುವುದಕ್ಕೆ ನನ್ನ ಅಡ್ಡಿಯಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸಿದರು. ಬೇಸಿಗೆಯಲ್ಲಿ ಅವರ ಮನೆ ಮುಂದೆ ಟ್ಯಾಂಕರ್ ನಿಲ್ಲದ್ದು ನೋಡಿ ಇನ್ನಿಬ್ಬರು ಕಟ್ಟಿಸಿದರು, ಆಮೇಲೆ ನಾವೂ. ಆದರೆ ಆ ನೋಟಕ್ಕೂ ಸರಕು ಕಂಡು ಹೊಟ್ಟೆ ಉರಿಸಿಕೊಳ್ಳುವ ನೋಟಕ್ಕೂ ವ್ಯತ್ಯಾಸವಿದೆ. ತೊಟ್ಟಿ ಕಂಡವರು ಅವರ ಮನೆಯೊಳಗೆ ಹೋದರು, ಎಷ್ಟು ಖರ್ಚಾಯಿತು, ಯಾವ ಮೇಸ್ತ್ರಿ, ಎಲ್ಲಿ ಸೋರಿತು ಎಂದು ಕೇಳಿ ತಿಳಿದರು. ಸರಕು ಕಂಡವರು ಹಾಗೆ ಕೇಳುವುದಿಲ್ಲ. ನೋಡಿಯೂ ನೋಡದವರ ಹಾಗೆ ಮುಖ ಮಾಡಿಕೊಂಡು ಮನೆಗೆ ಬಂದು ಕುದಿಯುತ್ತಾರೆ.

ಅದಕ್ಕೇ ಹೇಳುವುದು, ಹೋಗು ಎದುರಿನ ಫ್ಲಾಟಿನವರ ಮನೆಗೆ. ಮೊಸರು ಹೆಪ್ಪಿಗೆ ಬೇಕೆಂದು ಕೇಳಿಕೊಂಡು ಹೋಗು. ಸಂಕ್ರಾಂತಿಗೆ ಎಳ್ಳು ಬೀರಲು ಹೋಗು, ದಸರೆಗೆ ಅವರೇನಾದರೂ ಬೊಂಬೆ ಕೂರಿಸಿದರೆ ನೋಡಲು ಹೋಗು. (ಬೊಂಬೆಯ ಮೆಟ್ಟಿಲು ಏಳೋ ಒಂಬತ್ತೋ ಎಂದು ಎಣಿಸುತ್ತೀಯ, ಗೊತ್ತು. ಎಣಿಸು, ಪರವಾಗಿಲ್ಲ, ನಾನೂ ಎಣಿಸುತ್ತೇನೆ.) ಅವರನ್ನು ನಿನ್ನ ಮನೆಗೂ ಕರೆ. ಬರುತ್ತಾರೆಂದು ಸೋಫಾಕ್ಕೆ ಹೊಸ ಹೊದಿಕೆ ಕೊಳ್ಳಬೇಡ. ನಮ್ಮದಿನ್ನೂ ಹದಿನೈದು ವರ್ಷದ ಸಾಲ ಬಾಕಿ ಇದೆ ಕಣ್ರೀ ಎಂದು ನೀನೇ ಮೊದಲು ಹೇಳಿಬಿಡು. ಅವರ ಬಾಯಿಂದಲೂ ಏನೋ ಒಂದು ಬರುತ್ತದೆ ನೋಡುತ್ತಿರು; ನಿನ್ನನ್ನು ನೋಡಿ ಅವರೂ ಎಷ್ಟು ದಿನದಿಂದ ಏನೇನು ಅಳೆಯುತ್ತಿದ್ದರೋ, ಯಾರಿಗೆ ಗೊತ್ತು. ನಿಮ್ಮ ಮನೆಯಲ್ಲಿ ಅತ್ತೆ ಮಾವ ಜೊತೆಗಿದ್ದು ಮಗುವನ್ನು ನೋಡಿಕೊಳ್ಳುತ್ತಾರಲ್ಲ, ಡೇಕೇರಿಗೆ ಮಗುವನ್ನು ಬಿಟ್ಟು ಅಳುತ್ತಾ ಕಚೇರಿಗೆ ಹೋಗುವ ತಾಯಿಗೆ ಅದು ಯಾವ ಕಾರಿಗೂ ಕಡಿಮೆಯದ್ದಲ್ಲ.

ನಮ್ಮ ಶಾಖೆಯ ಹಳೆಯ ಸಾಲದ ಅರ್ಜಿಗಳಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ಗಮನಿಸಿದ್ದೇನೆ. ಸಾಲಗಾರನ ವಿಳಾಸ ನಾಲ್ಕನೇ ಅಡ್ಡರಸ್ತೆ ಎಂದಿದ್ದರೆ ಜಾಮೀನು ಹಾಕಿದವನದೂ ಎಷ್ಟೋ ಸಲ ನಾಲ್ಕನೇ ಅಡ್ಡರಸ್ತೆಯೇ. ಅಣ್ಣ ತಮ್ಮಂದಿರು ಬೇರೆ ಊರಲ್ಲಿ. ಸಹಿಗೆ ಕರೆದಾಗ ಬಂದವನು ಪಕ್ಕದ ಮನೆಯವನು. ಯಾರ ಸ್ಕೂಟರ್ ನೋಡಿ ಇವನು ಒಂದು ಕಾಲದಲ್ಲಿ ಹಲ್ಲು ಕಡಿದಿದ್ದನೋ ಅವನೇ ಕೆಲಸಕ್ಕೆ ರಜೆ ಹಾಕಿ, ಸಂಬಳದ ಚೀಟಿ ಹಿಡಿದು ಬಂದು, ಇವನ ಸಾಲ ತೀರದಿದ್ದರೆ ನಾನು ಕಟ್ಟುತ್ತೇನೆ ಎಂದು ಬರೆದುಕೊಟ್ಟಿದ್ದ. ಕಂತು ತಪ್ಪಿದಾಗ ಅವನಿಗೂ ನೋಟಿಸು ಹೋಗುತ್ತಿತ್ತು. ಕೆಲವರು ಕೂಗಾಡಿದರು, ಕೆಲವರು ಸುಮ್ಮನೆ ಬಂದು ಕಟ್ಟಿ ಹೋದರು. ಅಳತೆಗೋಲು ಮಾಡಿಕೊಂಡ ನೆರೆಯವನ ಹತ್ತಿರ ಇಂಥದ್ದಕ್ಕೆ ಹೋಗಲು ಯಾರಿಗೂ ಮುಖವಿರುವುದಿಲ್ಲ.

ಈಗ ನೀವೂ ಕೊಳ್ಳಬೇಕೆಂದಿರುವ ಕಾರಿನ ಮಾತು. ಈ ಭಾನುವಾರ ಅಳಿಯಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರ ಸಂಬಳ, ಫ್ಲಾಟಿನ ಕಂತು, ಮಗುವಿನ ಶಾಲೆಯ ಫೀಸು, ಮಾವನವರ ಔಷಧಿ ಎಲ್ಲ ಒಂದು ಕಾಗದದ ಮೇಲೆ ಬರೆಯಿರಿ. ಆರು ತಿಂಗಳ ಖರ್ಚು ಬೇರೆ ತೆಗೆದಿಟ್ಟ ಮೇಲೂ ಕಂತಿಗೆ ಜಾಗ ಉಳಿದರೆ ಕೊಳ್ಳಿ, ನನ್ನ ತಕರಾರಿಲ್ಲ. ಎದುರಿನವರದ್ದಕ್ಕಿಂತ ದೊಡ್ಡದೋ ಚಿಕ್ಕದೋ ಎಂಬ ಸಾಲು ಮಾತ್ರ ಆ ಕಾಗದದಲ್ಲಿ ಇರಕೂಡದು. ಸಾಲಕ್ಕೆ ಹೋಗುವ ಮೊದಲು ನನಗೊಂದು ಫೋನು ಮಾಡು. ಬಡ್ಡಿಯಲ್ಲಿ ಕಾಲು ಶೇಕಡಾ ಇಳಿಸಲು ಏನು ಕೇಳಬೇಕು, ಪ್ರೊಸೆಸಿಂಗ್ ಫೀ ಹೇಗೆ ಬಿಡಿಸಿಕೊಳ್ಳಬೇಕು, ಶೋರೂಮಿನವರು ತಲೆಗೆ ಕಟ್ಟುವ ವಿಮೆಗೆ ಹೇಗೆ ಬೇಡ ಅನ್ನಬೇಕು ಎಂದು ಹೇಳಿಕೊಡುತ್ತೇನೆ. ಎದುರಿನ ಫ್ಲಾಟಿನವರು ಎಷ್ಟು ಬಡ್ಡಿಗೆ ತಂದರೆಂದು ಅಷ್ಟರೊಳಗೆ ಅವರನ್ನೇ ಕೇಳಿಟ್ಟುಕೋ, ಬ್ಯಾಂಕಿನವರ ಹತ್ತಿರ ಚೌಕಾಸಿಗೆ ಅನುಕೂಲವಾಗುತ್ತದೆ.